ಆಸ್ಟ್ರೇಲಿಯದ ಹಳ್ಳಿಗಾಡಿನ ಕಾಲ್ಚೆಂಡಾಟ

ನಮ್ಮ ಮನೆಗಳಲ್ಲಿ ಆಸ್ಟ್ರೇಲಿಯದ ಹೆಸರು ಕೇಳಿಬರುವುದು ಹೆಚ್ಚಾಗಿ ಕ್ರಿಕೆಟ್ಟಿನ ಮೂಲಕ. ಡಿಸೆಂಬರಿನ ನಸುಕಿನಲ್ಲಿ, ಮನೆಯವರ ನಿದ್ದೆ ಕೆಡದಂತೆ ದನಿ ತಗ್ಗಿಸಿ ರೇಡಿಯೋ ಹಚ್ಚಿಕೊಂಡು, ಮೆಲ್ಬರ್ನ್ ಮೈದಾನದ ಜನಸಮೂಹದ ಮೊರೆತವನ್ನು ಕೇಳಿದವರು ನಿಮ್ಮಲ್ಲಿ ಅನೇಕರಿರಬಹುದು. ಅದೇ ಮೈದಾನವು ಅಲ್ಲಿಯ ಚಳಿಗಾಲದಲ್ಲಿ ಇನ್ನೊಂದು ಆಟಕ್ಕಾಗಿ ಕಿಕ್ಕಿರಿದು ತುಂಬುತ್ತದೆ. ಅದು ನಾವು ಬಲ್ಲ ಕಾಲ್ಚೆಂಡಲ್ಲ, ರಗ್ಬಿಯೂ ಅಲ್ಲ. ಆಸ್ಟ್ರೇಲಿಯನ್ ರೂಲ್ಸ್ ಎಂದು ಅದಕ್ಕೆ ಹೆಸರು. ಆಡುವವರು ಅಕ್ಕರೆಯಿಂದ ಫುಟಿ ಎನ್ನುತ್ತಾರೆ.

ಇದರ ಹುಟ್ಟಿಗೂ ಕ್ರಿಕೆಟ್ಟೇ ಕಾರಣ. ಬೇಸಿಗೆಯಲ್ಲಿ ಕ್ರಿಕೆಟ್ ಆಡುವವರು ಚಳಿಗಾಲದಲ್ಲಿ ಮೈಗಳ್ಳರಾಗದಿರಲು ಒಂದು ಕಾಲ್ಚೆಂಡಿನ ಸಂಘವನ್ನು ಕಟ್ಟಬೇಕೆಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ೧೮೫೮ರ ಜುಲೈನಲ್ಲಿ ಮೆಲ್ಬರ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದ. ಮರುವರ್ಷ, ೧೮೫೯ರ ಮೇ ೧೭ರಂದು, ಅವನೂ ಗೆಳೆಯರೂ ಕೂಡಿ ಮೊದಲ ನಿಯಮಗಳನ್ನು ಬರೆದಿಟ್ಟರು. ಇಂಗ್ಲೆಂಡಿನಲ್ಲಿ ಇಂದಿನ ಫುಟ್‌ಬಾಲಿನ ನಿಯಮಗಳು ಗೊತ್ತಾದದ್ದು ೧೮೬೩ರಲ್ಲಿ. ಆ ಲೆಕ್ಕಕ್ಕೆ ಇದೇ ಹಿರಿಯದು. ಕ್ರಿಕೆಟ್ ಮೈದಾನದಲ್ಲೇ ಆಡುವುದರಿಂದ ಕಣವು ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರವೇ. ಪಕ್ಷಕ್ಕೆ ೧೮ ಮಂದಿ. ಚೆಂಡನ್ನು ಹಿಡಿದು ಓಡಬಹುದು, ಆದರೆ ೧೫ ಮೀಟರಿಗೊಮ್ಮೆ ನೆಲಕ್ಕೆ ತಾಗಿಸಬೇಕು. ಜೊತೆಯವನಿಗೆ ಎಸೆಯುವಂತಿಲ್ಲ, ಒದ್ದು ಕಳಿಸಬೇಕು, ಇಲ್ಲವೆ ಒಂದು ಅಂಗೈಯಲ್ಲಿಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ನಡುವೆ ಚೆಂಡು ಹೋದರೆ ೬ ಅಂಕ. ಪಕ್ಕದ ಕಂಬದ ಕಡೆ ಜಾರಿದರೆ ೧ ಅಂಕ. ಗುರಿ ತಪ್ಪಿದವನಿಗೂ ಒಂದಂಕ ಕೊಡುವ ಈ ಔದಾರ್ಯವನ್ನು ಪರೀಕ್ಷಾ ಪತ್ರಿಕೆ ತಿದ್ದುವ ನನ್ನಂಥವರು ಮೆಚ್ಚಲೇಬೇಕು.

ಇಷ್ಟು ಪೀಠಿಕೆ ಸಾಕು. ನಾನು ಹೇಳಹೊರಟದ್ದು ಮೆಲ್ಬರ್ನಿನ ಮಹಾಪಂದ್ಯಗಳ ವಿಚಾರವನ್ನಲ್ಲ. ವಿಕ್ಟೋರಿಯ, ದಕ್ಷಿಣ ಆಸ್ಟ್ರೇಲಿಯ, ಪಶ್ಚಿಮ ಆಸ್ಟ್ರೇಲಿಯ, ಟಾಸ್ಮೇನಿಯ ಮೊದಲಾದ ರಾಜ್ಯಗಳ ಒಳನಾಡಿನಲ್ಲಿ, ಗೋಧಿ ಬೆಳೆಯುವ, ಕುರಿ ಸಾಕುವ, ಗಣಿ ತೋಡುವ ಸಣ್ಣ ಊರುಗಳಲ್ಲಿ ಈ ಆಟದ ಪ್ರಾಂತೀಯ ಲೀಗುಗಳು ಅನೇಕವಿವೆ. ಓವೆನ್ಸ್ ಮತ್ತು ಮರ್ರೆ ಎಂಬ ಲೀಗು ೧೮೯೩ರಿಂದ ಬಂದದ್ದು. ಸಂಬಳದ ನೌಕರರು ಅಲ್ಲೊಬ್ಬ ಇಲ್ಲೊಬ್ಬರನ್ನು ಬಿಟ್ಟರೆ ಇವನ್ನು ನಡೆಸುವವರೆಲ್ಲ ಊರಿನ ಜನವೇ. ಹೇಗೆ ನಡೆಸುತ್ತಾರೆ? ಇದೇ ಇಲ್ಲಿಯ ಪ್ರಶ್ನೆ.

ಲೀಗು ಎಂದರೆ ಎಂಟು ಹತ್ತು ಊರುಗಳ ಕೂಟ. ಪ್ರತಿ ಊರಿಗೂ ಒಂದು ಕ್ಲಬ್ಬು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಶನಿವಾರಗಳಂದು ಒಂದು ವಾರ ತಮ್ಮೂರಲ್ಲಿ, ಮುಂದಿನ ವಾರ ಎದುರಾಳಿಯ ಊರಲ್ಲಿ ಆಟ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಂಗಡಿಯವನಿಗೆ ಎದುರಂಗಡಿ ಮುಚ್ಚಿದರೆ ಲಾಭ. ಕ್ಲಬ್ಬಿಗೆ ಎದುರಿನ ಕ್ಲಬ್ಬು ಮುಚ್ಚಿದರೆ ತನಗೇ ನಷ್ಟ. ಆ ಶನಿವಾರ ಆಡಲು ಯಾರೂ ಇಲ್ಲ. ಆದ್ದರಿಂದ ಲೀಗಿನ ಸಮಿತಿಯ ಕಣ್ಣು ಇರಬೇಕಾದದ್ದು ಗೆದ್ದವನ ಮೇಲಲ್ಲ, ಪಟ್ಟಿಯ ಕೊನೆಯಲ್ಲಿ ಏದುಸಿರು ಬಿಡುತ್ತಿರುವವನ ಮೇಲೆ. ಲೀಗುಗಳ ಕಟ್ಟುಪಾಡುಗಳಲ್ಲಿ ಬಹುಪಾಲು ಈ ಒಂದು ಕಾಳಜಿಯಿಂದಲೇ ಹುಟ್ಟಿದವು ಎಂದು ನನ್ನ ಎಣಿಕೆ.

ಒಂದು ಶನಿವಾರವನ್ನು ನೋಡೋಣ. ಬೆಳಿಗ್ಗೆ ಬಾಲಕರ ಆಟ. ಆಮೇಲೆ ಎರಡನೆಯ ತಂಡಗಳ ಆಟ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಮೊದಲ ತಂಡಗಳ ಆಟ. ಮೈದಾನದ ಮಗ್ಗುಲಲ್ಲೇ ನೆಟ್‌ಬಾಲ್ ಅಂಕಣ. ಪಕ್ಷಕ್ಕೆ ಏಳು ಮಂದಿಯಂತೆ ಹೆಂಗಸರೂ ಹುಡುಗಿಯರೂ ಅಲ್ಲಿ ಬೆಳಗಿನಿಂದ ಆಡುತ್ತಿರುತ್ತಾರೆ. ವಿಕ್ಟೋರಿಯದ ಎಷ್ಟೋ ಲೀಗುಗಳ ಹೆಸರೇ ಫುಟ್‌ಬಾಲ್ ನೆಟ್‌ಬಾಲ್ ಲೀಗ್ ಎಂದು. ಈಚಿನ ವರ್ಷಗಳಲ್ಲಿ, ವಿಶೇಷವಾಗಿ ೨೦೧೭ರಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗು ಆರಂಭವಾದ ಮೇಲೆ, ಹೆಂಗಸರು ಕಾಲ್ಚೆಂಡಿಗೂ ಇಳಿದಿದ್ದಾರೆ. ಹೀಗೆ ಅಪ್ಪ, ಅಮ್ಮ, ಮಕ್ಕಳು ಎಲ್ಲರಿಗೂ ಒಂದೇ ದಿನ, ಒಂದೇ ಜಾಗದಲ್ಲಿ ಕೆಲಸ. ಪ್ರೇಕ್ಷಕರು ತಮ್ಮ ಕಾರುಗಳನ್ನು ಗಡಿರೇಖೆಯ ಸುತ್ತ ಮೂತಿ ಒಳಕ್ಕೆ ಮಾಡಿ ನಿಲ್ಲಿಸಿಕೊಂಡು, ಚಳಿಗೆ ಗಾಜು ಏರಿಸಿ ಒಳಗೇ ಕೂರುವುದುಂಟು. ತಮ್ಮವರು ಗೋಲು ಹೊಡೆದರೆ ಚಪ್ಪಾಳೆಗೆ ಬದಲು ಹಾರ್ನುಗಳ ಮೊಳಗು!

ಈ ಒಂದು ದಿನಕ್ಕೆ ಎಷ್ಟು ಕೈ ಬೇಕೆಂದು ಲೆಕ್ಕ ಹಾಕಿ. ಬಾಗಿಲಲ್ಲಿ ನಿಂತು ಹಣ ವಸೂಲು ಮಾಡುವವರು, ಸುಣ್ಣದ ಗೆರೆ ಎಳೆಯುವವರು, ಕ್ಯಾಂಟೀನಿನಲ್ಲಿ ತಿಂಡಿ ಬಿಸಿಮಾಡುವವರು, ಗಾಯಕ್ಕೆ ಪಟ್ಟಿ ಕಟ್ಟುವವರು, ಆಟಗಾರರಿಗೆ ನೀರು ಒಯ್ಯುವವರು, ಅಂಕಫಲಕ ತಿರುಗಿಸುವವರು. ಸಮಯಪಾಲಕರು ಇಬ್ಬರು, ಪಕ್ಷಕ್ಕೊಬ್ಬರು. ಇಬ್ಬರ ಗಡಿಯಾರವೂ ಒಪ್ಪಬೇಕು. ಸೋಮವಾರ ಬಟ್ಟೆ ಒಗೆಯುವವರನ್ನು ನಾವು ಮರೆತೇಬಿಡುತ್ತೇವೆ. ಕಾರ್ಯದರ್ಶಿಯಂತೂ ಮಂಗಳವಾರದಿಂದ ಶುಕ್ರವಾರದವರೆಗೆ ಇತರ ಕ್ಲಬ್ಬುಗಳೊಡನೆ, ಲೀಗಿನೊಡನೆ, ಪೌರಸಭೆಯೊಡನೆ ಪತ್ರವ್ಯವಹಾರ ಮಾಡುತ್ತಲೇ ಇರಬೇಕು. ಒಬ್ಬ ಆಟಗಾರ ಈ ಕ್ಲಬ್ಬು ಬಿಟ್ಟು ಆ ಕ್ಲಬ್ಬಿಗೆ ಹೋಗಬೇಕಾದರೆ ವರ್ಗಾವಣೆಗೆ ಒಪ್ಪಿಗೆ ಬೇಕು. ಹೊಡೆದಾಡಿದವನ ಮೇಲೆ ಅಂಪೈರು ವರದಿ ಕೊಟ್ಟರೆ ವಾರದ ನಡುವೆ ನ್ಯಾಯಮಂಡಲಿ ಸೇರಿ ವಿಚಾರಿಸುತ್ತದೆ.

ಹಣ ಎಲ್ಲಿಂದ? ಬಾಗಿಲಿನ ವಸೂಲಿ, ಕ್ಯಾಂಟೀನು, ಊರಿನ ವರ್ತಕರ ನೆರವು ಇವು ಸರಿಯೆ. ಗೋಧಿಯ ಸೀಮೆಯಲ್ಲಿ ಇನ್ನೊಂದು ದಾರಿಯುಂಟು. ನನಗೆ ಬಹಳ ಹಿಡಿಸಿದ್ದು ಅದು. ಯಾರೋ ಒಬ್ಬ ರೈತ ಒಂದು ಹೊಲವನ್ನು ಕ್ಲಬ್ಬಿಗೆ ಬಿಟ್ಟುಕೊಡುತ್ತಾನೆ. ಒಬ್ಬ ಬೀಜ ಕೊಡುತ್ತಾನೆ, ಇನ್ನೊಬ್ಬ ತನ್ನ ಯಂತ್ರ ತಂದು ಬಿತ್ತುತ್ತಾನೆ, ಮತ್ತೊಬ್ಬ ಕೊಯ್ದು ಕೊಡುತ್ತಾನೆ. ಬೆಳೆ ಮಾರಿ ಬಂದ ಹಣ ಕ್ಲಬ್ಬಿನ ಖಜಾನೆಗೆ. ಮಳೆ ಬಂದರೆ ಆಟಕ್ಕೂ ಸುಗ್ಗಿ. ಬಾರದಿದ್ದರೆ ರೈತನ ಜೊತೆಗೆ ಕ್ಲಬ್ಬಿಗೂ ಬರಗಾಲ.

ಬರಗಾಲಕ್ಕಿಂತ ದೊಡ್ಡದು ಜನಗಾಲದ ಕೊರತೆ. ಯಂತ್ರಗಳು ಬಂದಂತೆ ಹಿಡುವಳಿಗಳು ದೊಡ್ಡವಾದವು. ನಾಲ್ಕು ಕುಟುಂಬ ದುಡಿಯುತ್ತಿದ್ದ ನೆಲಕ್ಕೆ ಒಂದೇ ಕುಟುಂಬ ಸಾಕಾಯಿತು. ಹುಡುಗರು ಓದಿಗೆ, ನೌಕರಿಗೆ ಪಟ್ಟಣ ಸೇರಿದರು. ಎರಡು ತಂಡ ಇಳಿಸಬೇಕಾದರೆ ಬದಲಿಯವರೂ ಸೇರಿ ೪೦ಕ್ಕೂ ಹೆಚ್ಚು ಗಂಡಾಳು ಬೇಕು. ಕೆಲವೇ ನೂರು ಜನರ ಊರು ಎಲ್ಲಿಂದ ತಂದೀತು? ಆಗ ಎರಡು ಕ್ಲಬ್ಬುಗಳು ಒಂದಾಗುತ್ತವೆ. ಸೀ ಲೇಕ್-ನಂಡಾಲಿ, ಬರ್ಚಿಪ್-ವಾಚೆಮ್, ವೈಚೆಪ್ರೂಫ್-ನ್ಯಾರಾಪೋರ್ಟ್, ಹೀಗೆ ಜೋಡಿ ಹೆಸರುಗಳು ವಿಕ್ಟೋರಿಯದ ಒಣಸೀಮೆಯ ಉದ್ದಕ್ಕೂ ಸಿಗುತ್ತವೆ. ಸಮಾಸ ಪಾಠ ಹೇಳಿಯೇ ಕೂದಲು ನರೆಸಿಕೊಂಡ ನನಗೆ ಇವು ಕೆರೆಕಟ್ಟೆ, ಗಿಡಮರಗಳಂತೆ ದ್ವಂದ್ವ ಸಮಾಸಗಳಾಗಿ ತೋರುತ್ತವೆ. ದ್ವಂದ್ವದಲ್ಲಿ ಎಲ್ಲ ಪದಗಳಿಗೂ ಸಮಪ್ರಾಧಾನ್ಯವೆಂಬುದು ಸೂತ್ರ. ವ್ಯವಹಾರದಲ್ಲಿ ಅದನ್ನು ಪಾಲಿಸುವುದು ಕಷ್ಟ. ಯಾರ ಹೆಸರು ಮೊದಲು? ಅಂಗಿಗೆ ಯಾರ ಬಣ್ಣ? ಯಾರ ಮೈದಾನದಲ್ಲಿ ಆಟ? ಸರದಿಯಂತೆ ಎರಡೂ ಕಡೆ ಆಡುವ ಕ್ಲಬ್ಬುಗಳುಂಟು. ಆದರೆ ಕಾಲಕ್ರಮದಲ್ಲಿ ಒಂದು ಮೈದಾನ ಹುಲ್ಲು ಬೆಳೆದು ಪಾಳುಬಿದ್ದರೆ, ಹೆಸರಿನ ದ್ವಂದ್ವವು ತತ್ಪುರುಷವಾಗಿಬಿಡುತ್ತದೆ; ಒಂದು ಪದವೇ ಪ್ರಧಾನ. ಶಾಲೆ ಹೋಗಿ, ಬ್ಯಾಂಕು ಹೋಗಿ, ಕೊನೆಗೆ ಶನಿವಾರದ ಆಟವೂ ಹೋದ ಊರಿನವರ ಸಂಕಟ ಎಂಥದೆಂದು ನೀವು ಊಹಿಸಬಲ್ಲಿರಿ.

ಕ್ಲಬ್ಬುಗಳಂತೆ ಲೀಗುಗಳೂ ಅಳಿಯುತ್ತವೆ. ವಿಕ್ಟೋರಿಯದ ವಾಯವ್ಯ ಮೂಲೆಯ ಮ್ಯಾಲೀ ಲೀಗು ೨೦೧೫ರ ಋತುವಿನೊಂದಿಗೆ ಮುಗಿಯಿತು. ಅದರಲ್ಲಿದ್ದ ಸೀ ಲೇಕ್-ನಂಡಾಲಿ ನಾರ್ತ್ ಸೆಂಟ್ರಲ್ ಲೀಗನ್ನೂ, ಊಯೆನ್ ಯುನೈಟೆಡ್ ಸನ್‌ರೇಸಿಯ ಲೀಗನ್ನೂ ಸೇರಿಕೊಂಡವು. ನೆರೆಯ ಎದುರಾಳಿಗಳು ದೂರವಾದರು. ಹೊಸ ಎದುರಾಳಿಗಳು ಬಂದರು.

ಇಂಥ ಅಳಿವನ್ನು ತಡೆಯಲು ೨೦೧೬ರಿಂದ ವಿಕ್ಟೋರಿಯದಲ್ಲಿ ಒಂದು ಉಪಾಯ ನಡೆದುಬಂದಿದೆ. ಹಿಂದೆ ಹಣವಂತ ಕ್ಲಬ್ಬು ಪಟ್ಟಣದಿಂದ ಒಳ್ಳೆಯ ಆಟಗಾರರನ್ನು ಕೊಂಡು ತರುತ್ತಿತ್ತು. ಬಡ ಕ್ಲಬ್ಬು ವಾರವಾರವೂ ನೂರಾರು ಅಂಕಗಳಿಂದ ಸೋಲುತ್ತಿತ್ತು. ಸೋಲುವ ತಂಡಕ್ಕೆ ಯಾವ ಹುಡುಗ ಬಂದಾನು? ಈಗ ಪ್ರತಿ ಆಟಗಾರನಿಗೂ ಒಂದು ತೂಕದ ಅಂಕ. ಊರಿನ ಬಾಲಕರ ತಂಡದಲ್ಲೇ ಬೆಳೆದವನಿಗೆ ೧, ರಾಷ್ಟ್ರೀಯ ಲೀಗಿನಲ್ಲಿ ಇತ್ತೀಚೆಗೆ ಆಡಿ ಬಂದವನಿಗೆ ೬, ಉಳಿದವರು ನಡುವೆ. ಕಣಕ್ಕಿಳಿಯುವ ತಂಡದ ಒಟ್ಟು ಅಂಕ ಗೊತ್ತಾದ ಮಿತಿಯನ್ನು ಮೀರುವಂತಿಲ್ಲ. ಹೊರಗಿನಿಂದ ಬಂದವನು ಅದೇ ಕ್ಲಬ್ಬಿನಲ್ಲಿ ನಿಂತರೆ ವರ್ಷಗಳೆದಂತೆ ಅವನ ಅಂಕ ಇಳಿಯುತ್ತದೆ. ಅಂದರೆ ನಿಷ್ಠೆಗೆ ಬಹುಮಾನ. ಕೊನೆಯಲ್ಲಿರುವ ಕ್ಲಬ್ಬಿಗೆ ಮಿತಿಯನ್ನು ಸಡಿಲಿಸುವುದೂ ಉಂಟು. ಇದರ ಜೊತೆಗೆ ಆಟಗಾರರಿಗೆ ಕೊಡುವ ಹಣಕ್ಕೂ ಮೇಲ್ಮಿತಿ ಇದೆ. ಲೆಕ್ಕದ ಪುಸ್ತಕಕ್ಕೆ ಏರದ ಹಣ ಕೈ ಬದಲಾಗುತ್ತದೆಂಬ ದೂರು ಪೂರ್ತಿ ನಿಂತಿಲ್ಲ. ಆದರೂ ಬಲಾಬಲವನ್ನು ಲೆಕ್ಕಕ್ಕೆ ತಂದು ತೂಗುವ ಈ ಯತ್ನ ಜಾಣತನದ್ದೆಂದೇ ನನಗನಿಸುತ್ತದೆ.

ಅಂಪೈರುಗಳ ಮಾತು ಇನ್ನೊಂದು ತಲೆನೋವು. ಒಂದು ಪಂದ್ಯಕ್ಕೆ ಕಣದ ಒಳಗಿನ ಅಂಪೈರುಗಳು, ಗಡಿರೇಖೆಯಲ್ಲಿ ಓಡುವವರು, ಗೋಲು ಕಂಬದ ಬಳಿ ನಿಂತು ಬಾವುಟ ಬೀಸುವವರು ಇಷ್ಟು ಜನ ಬೇಕು. ಗೋಲಿಗೆ ಎರಡು ಬಾವುಟ, ಒಂದಂಕಕ್ಕೆ ಒಂದು. ಸಂಭಾವನೆ ಇದೆ, ಆದರೆ ಬೈಗುಳವೂ ಇದೆ. ಗಡಿರೇಖೆಯಲ್ಲಿ ಓಡುವವರು ಅನೇಕ ವೇಳೆ ಶಾಲೆಯ ಹುಡುಗ ಹುಡುಗಿಯರು. ಬೇಲಿಯಾಚೆಯ ದೊಡ್ಡವರ ಬಾಯಿಗೆ ಹೆದರಿ ಅವರು ಮರುವರ್ಷ ಬಾರದಿದ್ದರೆ ಲೀಗಿಗೆ ದಿಕ್ಕಿಲ್ಲ. ಎರಡನೆಯ ತಂಡಗಳ ಆಟಕ್ಕೆ ಕ್ಲಬ್ಬಿನವರೇ ಬಾವುಟ ಹಿಡಿಯುವುದು ಎಷ್ಟೋ ಕಡೆ ವಾಡಿಕೆ. ನಾನೂ ಶಾಲೆಯ ಆಟಗಳಲ್ಲಿ ಸೀಟಿ ಊದಿದವನು; ಆ ಕೆಲಸದಲ್ಲಿ ಎರಡು ಪಕ್ಷದವರೂ ಒಮ್ಮತದಿಂದ ಬಯ್ಯುವುದು ಒಬ್ಬರನ್ನೇ.

ಋತುವಿನ ಕೊನೆಗೆ ನಿರ್ಣಾಯಕ ಪಂದ್ಯಗಳು. ಗೆದ್ದರೆ ೪ ಅಂಕ, ಸಮವಾದರೆ ೨. ಎರಡು ತಂಡಗಳ ಅಂಕ ಒಂದೇ ಆದರೆ, ತಾವು ಹೊಡೆದದ್ದಕ್ಕೂ ಹೊಡೆಸಿಕೊಂಡದ್ದಕ್ಕೂ ಇರುವ ಶೇಕಡಾ ಲೆಕ್ಕ ತೀರ್ಮಾನಿಸುತ್ತದೆ. ಮೊದಲ ನಾಲ್ವರಿಗೆ ಮುಂದಿನ ಅವಕಾಶ ಕೊಡುವ ಕ್ರಮ ಹೀಗೆ: ಒಂದನೆಯವನೂ ಎರಡನೆಯವನೂ ಆಡಿ ಗೆದ್ದವನು ನೇರ ಅಂತಿಮಕ್ಕೆ, ಮೂರು ನಾಲ್ಕನೆಯವರಲ್ಲಿ ಸೋತವನು ಮನೆಗೆ, ಮೇಲಿನ ಆಟದಲ್ಲಿ ಸೋತವನಿಗೂ ಕೆಳಗಿನದರಲ್ಲಿ ಗೆದ್ದವನಿಗೂ ಇನ್ನೊಂದು ಪಂದ್ಯ, ಅದರಲ್ಲಿ ಗೆದ್ದವನು ಅಂತಿಮಕ್ಕೆ. ಇದನ್ನೆಲ್ಲೋ ಕೇಳಿದ್ದೇವಲ್ಲ ಎನ್ನುತ್ತೀರಾ? ೨೦೧೧ರಿಂದ ನಮ್ಮ ಐಪಿಎಲ್ ಕ್ರಿಕೆಟ್ಟಿನಲ್ಲಿ ನಡೆಯುತ್ತಿರುವುದು ಇದೇ ಕ್ರಮ. ೨೦೨೫ರಲ್ಲಿ ಬೆಂಗಳೂರಿನ ತಂಡ ಪಂಜಾಬನ್ನು ಮೊದಲು ಸೋಲಿಸಿ, ಎರಡನೆಯ ದಾರಿಯಲ್ಲಿ ಮತ್ತೆ ಬಂದ ಅದೇ ಪಂಜಾಬನ್ನು ಅಂತಿಮದಲ್ಲಿ ಸೋಲಿಸಿ ಕಪ್ಪು ಗೆದ್ದದ್ದು ನಿಮಗೆ ನೆನಪಿರಬಹುದು. ಈ ಕ್ರಮವನ್ನು ಹೆಣೆದವರು ಮೆಲ್ಬರ್ನಿನ ಕೆನೆತ್ ಮೆಕಿಂಟೈರ್. ವಿಕ್ಟೋರಿಯದ ದೊಡ್ಡ ಲೀಗು ಅದನ್ನು ೧೯೩೧ರಲ್ಲಿ ಜಾರಿಗೆ ತಂದಿತು. ಐದು ಆರು ತಂಡಗಳಿಗೆ ಹೊಂದುವ ಬೇರೆ ಕ್ರಮಗಳನ್ನೂ ಅವರು ಮುಂದೆ ರಚಿಸಿದರು.

ಲೀಗಿಗೆ ಕನಿಷ್ಠ ಎಷ್ಟು ಕ್ಲಬ್ಬು ಬೇಕು? ಟಾಸ್ಮೇನಿಯಕ್ಕೂ ವಿಕ್ಟೋರಿಯಕ್ಕೂ ನಡುವಿನ ಸಮುದ್ರದಲ್ಲಿ ಕಿಂಗ್ ದ್ವೀಪವೆಂಬುದಿದೆ; ಜನ ಎರಡು ಸಾವಿರಕ್ಕೂ ಕಡಿಮೆ. ಅಲ್ಲಿ ಬಹುಕಾಲದಿಂದ ಮೂರೇ ಕ್ಲಬ್ಬುಗಳು: ಕರ್ರಿ, ಗ್ರಾಸಿ, ನಾರ್ತ್. ಇಬ್ಬರು ಆಡಿದರೆ ಮೂರನೆಯವರಿಗೆ ಆ ವಾರ ಬಿಡುವು. ಅದೇ ಎರಡು ಮುಖಗಳನ್ನು ಋತುವಿಡೀ ಮತ್ತೆ ಮತ್ತೆ ಎದುರಿಸಬೇಕು. ೧೯೯೦ರಲ್ಲಿ ಗ್ರಾಸಿಯ ಗಣಿ ಮುಚ್ಚಿ ಊರು ಹೆಚ್ಚುಕಡಮೆ ಬರಿದಾಯಿತು. ಆ ಒಂದು ಕ್ಲಬ್ಬು ಹೋಗಿದ್ದರೆ ಉಳಿದದ್ದು ಲೀಗಾಗುತ್ತಿರಲಿಲ್ಲ, ಎರಡು ಮನೆಗಳ ಜಗಳವಾಗುತ್ತಿತ್ತು.

೨೦೨೦ರಲ್ಲಿ ಕೋವಿಡ್ ಬಂದಾಗ ವಿಕ್ಟೋರಿಯದ ಹಳ್ಳಿಗಾಡಿನ ಲೀಗುಗಳಲ್ಲಿ ಹೆಚ್ಚಿನವು ಆ ಋತುವನ್ನೇ ಕೈಬಿಟ್ಟವು. ಮರುವರ್ಷ ಆಟ ಆರಂಭವಾಯಿತು. ನಿರ್ಣಾಯಕ ಪಂದ್ಯಗಳ ಹೊತ್ತಿಗೆ ಮತ್ತೆ ನಿಂತಿತು. ಬಾಗಿಲ ವಸೂಲಿಯಿಲ್ಲ, ಕ್ಯಾಂಟೀನಿಲ್ಲ. ಶನಿವಾರ ಮಧ್ಯಾಹ್ನ ಹೋಗಲು ಎಡೆಯಿಲ್ಲ. ಬೇಸಾಯಗಾರನಿಗೆ ವಾರಕ್ಕೊಮ್ಮೆ ನಾಲ್ಕು ಮುಖ ಕಾಣುವ ಜಾಗವೇ ಅದು.

ನಿಮ್ಮ ಮಕ್ಕಳೋ ನೆಂಟರೋ ಮೆಲ್ಬರ್ನಿನಲ್ಲಿದ್ದು, ಜೂನ್ ಜುಲೈ ತಿಂಗಳಲ್ಲಿ ನೀವು ಅಲ್ಲಿಗೆ ಹೋಗುವ ಸಂದರ್ಭವಿದ್ದರೆ, ಒಂದು ಶನಿವಾರ ಪಟ್ಟಣ ಬಿಟ್ಟು ಎರಡು ಮೂರು ಗಂಟೆ ಒಳನಾಡಿನ ದಾರಿ ಹಿಡಿಯಿರಿ. ಬೆಚ್ಚನೆಯ ಶಾಲು ಮರೆಯಬೇಡಿ. ಬಾಗಿಲಲ್ಲಿ ಹಣ ಕೊಟ್ಟು, ಕಾರನ್ನು ಗಡಿರೇಖೆಯ ಬಳಿ ನಿಲ್ಲಿಸಿ, ಕ್ಯಾಂಟೀನಿನಲ್ಲಿ ಒಂದು ಚಹಾ ಕೊಂಡುಕೊಳ್ಳಿ, ಅದೂ ಸಹಾಯಾರ್ಥವೇ. ಯಾವ ಪಕ್ಷದ ಗೋಲಿಗೆ ಹಾರ್ನ್ ಒತ್ತಬೇಕೆಂಬುದನ್ನು ಮಾತ್ರ ಪಕ್ಕದ ಕಾರಿನವರನ್ನು ಮೊದಲೇ ಕೇಳಿಟ್ಟುಕೊಳ್ಳಿ.