ಕಾಯಿಯ ಎಣಿಕೆ, ಬೀಜದ ತೂಕ

ವರ್ಷಕ್ಕೊಮ್ಮೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ನಮ್ಮ ಭಾಗದ ಇಂಥ ಪ್ರಾಧ್ಯಾಪಕರನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಜಗತ್ತಿನ ಅಗ್ರ ಶೇ 2ರಷ್ಟು ವಿಜ್ಞಾನಿಗಳಲ್ಲಿ ಒಬ್ಬರೆಂದು ಆಯ್ಕೆ ಮಾಡಿದೆ. ‘ಆಯ್ಕೆ’ ಎಂಬ ಮಾತಿನಲ್ಲೇ ತಪ್ಪಿದೆ. ಅದು ಅಲ್ಲಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಸಂಶೋಧನಾ ಲೇಖನಗಳ ‘ಸ್ಕೋಪಸ್’ ದತ್ತಾಂಶದಿಂದ ಲೆಕ್ಕ ಹಾಕಿ ಪ್ರಕಟಿಸುವ ಪಟ್ಟಿ. ಯಾವ ಸಮಿತಿಯೂ ಕೂತು ಲೇಖನ ಓದುವುದಿಲ್ಲ. ಒಬ್ಬ ವಿಜ್ಞಾನಿಯ ಲೇಖನಗಳನ್ನು ಉಳಿದವರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಲೇಖಕರ ಸಾಲಿನಲ್ಲಿ ಆ ವಿಜ್ಞಾನಿಯ ಜಾಗ ಯಾವುದು ಎಂಬಂಥವನ್ನು ಕಂಪ್ಯೂಟರ್ ಎಣಿಸುತ್ತದೆ, ಅಷ್ಟೇ. ಹಾಗೆಂದು ಅದು ಬೇಕಾಬಿಟ್ಟಿ ಪಟ್ಟಿಯೂ ಅಲ್ಲ. ವಿಜ್ಞಾನವನ್ನು 174 ಉಪಶಾಖೆಗಳಾಗಿ ಒಡೆದು, ಆಯಾ ಶಾಖೆಯೊಳಗಿನ ಸ್ಥಾನವನ್ನೂ ಅದು ತೋರಿಸುತ್ತದೆ. ಸುದ್ದಿಯಲ್ಲಿ ಉದುರಿಹೋಗುವುದು ಈ ಭಾಗವೇ.

ಶಾಖೆ ಏಕೆ ಮುಖ್ಯ? ತುಮಕೂರು ಜಿಲ್ಲೆಯ ತೋವಿನಕೆರೆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಎಣಿಸುವುದು ವಾಡಿಕೆ, ಕಡಲೆಕಾಯಿಯನ್ನು ತೂಗುವುದು ವಾಡಿಕೆ. ಸಾವಿರ ಕಾಯಿ ಮಾರಿದವನು ನೂರು ಕಿಲೋ ಬೀಜ ಮಾರಿದವನಿಗಿಂತ ಹತ್ತು ಪಾಲು ದೊಡ್ಡ ರೈತ ಎಂದರೆ ಮಕ್ಕಳೂ ನಕ್ಕಾರು. ಸಂಶೋಧನೆಯಲ್ಲಿ ಅದೇ ಹೋಲಿಕೆಯನ್ನು ಗಂಭೀರವಾಗಿ ಮಾಡುತ್ತೇವೆ. ಗಣಿತಜ್ಞ ಸಾಮಾನ್ಯವಾಗಿ ಕಡಿಮೆ ಬರೆಯುತ್ತಾನೆ, ಒಬ್ಬನೇ ಅಥವಾ ಒಬ್ಬಿಬ್ಬರ ಜೊತೆ. ಲೇಖನದ ಕೊನೆಯ ಉಲ್ಲೇಖಗಳೂ ಕೆಲವೇ. ವೈದ್ಯಕೀಯದಲ್ಲಿ ಬರೆಯುವವರೂ ಹೆಚ್ಚು, ಉಲ್ಲೇಖಿಸುವವರೂ ಹೆಚ್ಚು. ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಬಂದ ಒಂದೇ ಲೇಖನಕ್ಕೆ 5,154 ಲೇಖಕರು; ಅದಕ್ಕೆ ಬರುವ ಪ್ರತಿ ಉಲ್ಲೇಖವೂ ಅಷ್ಟೂ ಮಂದಿಯ ಖಾತೆಗೆ ಜಮೆ! ಒಂದೇ ಶಾಖೆಯೊಳಗೂ ಎಣಿಕೆ ಹಿರಿಮೆಯ ಅಳತೆಯಾಗದು. ಪ್ರೋಟೀನ್ ಪ್ರಮಾಣ ಅಳೆಯುವ ವಿಧಾನ ವಿವರಿಸಿದ ಲೌರಿ ಮತ್ತಿತರರ 1951ರ ಲೇಖನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಡಿಎನ್‌ಎಯ ರಚನೆ ಹೇಳಿದ 1953ರ ಲೇಖನ 2014ರಲ್ಲಿ ‘ನೇಚರ್’ ಪ್ರಕಟಿಸಿದ ಮೊದಲ ನೂರರ ಪಟ್ಟಿಯಲ್ಲೇ ಇರಲಿಲ್ಲ. ಲ್ಯಾಬಿನಲ್ಲಿ ದಿನವೂ ಬಳಸುವ ವಿಧಾನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ; ಪಠ್ಯಪುಸ್ತಕ ಸೇರಿದ ಸತ್ಯವನ್ನು ಯಾರೂ ಉಲ್ಲೇಖಿಸುವ ಗೋಜಿಗೆ ಹೋಗುವುದಿಲ್ಲ.

ಉಲ್ಲೇಖ ಬರದಿದ್ದರೆ ಕೆಲಸದಲ್ಲಿ ಹುರುಳಿಲ್ಲ ಎಂಬುದು ಇನ್ನೊಂದು ನಂಬಿಕೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಬರೆದದ್ದನ್ನು ಬೆಂಗಳೂರಿನದೇ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆ ಅಚ್ಚು ಹಾಕಿತು. ಅವರು ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. 1984ರಲ್ಲಿ ಭೌತವಿಜ್ಞಾನಿ ಮೈಕೆಲ್ ಬೆರ್‍ರಿ ಕ್ವಾಂಟಂ ಲೋಕದ ಒಂದು ಜ್ಯಾಮಿತೀಯ ‘ಫೇಸ್’ ಅನ್ನು (ಅಲೆಯ ಹಂತದ ಪಲ್ಲಟವನ್ನು) ವಿವರಿಸಿದ ಮೇಲೆ, 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ ಅದೇ ಬಗೆಯದನ್ನು ಬೆಳಕಿನಲ್ಲಿ ಕಂಡಿದ್ದ ಪಂಚರತ್ನಂ ಅವರ ಹಳೆಯ ಲೇಖನದತ್ತ ಬೊಟ್ಟು ಮಾಡಿದರು. ಈಗ ಆ ‘ಫೇಸ್’ಗೆ ಪಂಚರತ್ನಂ, ಬೆರ್‍ರಿ ಇಬ್ಬರ ಹೆಸರೂ ಇದೆ. ಮೂವತ್ತು ವರ್ಷ ಲೇಖನದ ಒಂದಕ್ಷರವೂ ಬದಲಾಗಿರಲಿಲ್ಲ.

ಎಣಿಕೆಗೆ ಸಿಗದ ಪ್ರಭಾವವೂ ಉಂಟು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಕೆಂಪು ತೊಳೆಯ ‘ಸಿದ್ದು’ ಹಲಸನ್ನು ಗುರುತಿಸಿ ಕಸಿ ಗಿಡಗಳಾಗಿ ಹಬ್ಬಿಸಿದ್ದು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು. ಸಸಿ ಕೊಂಡು ನೆಟ್ಟ ರೈತರು ಅಡಿಟಿಪ್ಪಣಿ ಬರೆಯುವುದಿಲ್ಲ, ಆದ್ದರಿಂದ ಸ್ಕೋಪಸ್‌ಗೆ ಅದು ತಿಳಿಯುವುದೂ ಇಲ್ಲ.

ಅಂಕಿಯನ್ನು ಹೀಗೆ ಅನುಮಾನಿಸುವುದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಅಂಕಿ ಬಿಟ್ಟರೆ ಉಳಿಯುವುದು ಆಯ್ಕೆ ಸಮಿತಿಯ ಮರ್ಜಿ. ಅಲ್ಲಿ ಜಾತಿ, ಶಿಫಾರಸು, ಪರಿಚಯ ಕೆಲಸ ಮಾಡುತ್ತವೆ. ಅಂಕಿ ಮುಖ ನೋಡುವುದಿಲ್ಲ. ಮಾತು ಒಪ್ಪತಕ್ಕದ್ದೇ. ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಒಂದೇ ಶಾಖೆಯ, ಒಂದೇ ಓರಗೆಯವರ ನಡುವೆ ಏನನ್ನೋ ಹೇಳುತ್ತದೆ. ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ 2013ರಲ್ಲಿ ನೂರು ಮುಟ್ಟಿತು ಎಂದರೆ ತಲಾ ನೂರಕ್ಕೆ ಕಡಿಮೆಯಿಲ್ಲದ ಉಲ್ಲೇಖ ಪಡೆದ ನೂರು ಲೇಖನಗಳು ಆಗ ಅವರಿಗಿದ್ದವು ಎಂದರ್ಥ. ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಅದು ದೊಡ್ಡ ಸಾಧನೆ. ಅದೇ ನೂರನ್ನು ಗಣಿತಜ್ಞನ ಮುಂದೆ ಹಿಡಿದರೆ ಯಾವ ಅರ್ಥವೂ ಹೊರಡುವುದಿಲ್ಲ. ಆದರೆ ಮುಖ ನೋಡದ ಅಂಕಿಗೂ ಕೈಚಳಕ ನಾಟುತ್ತದೆ. ಯುಜಿಸಿ 2010ರಲ್ಲಿ ಬಡ್ತಿಗೆ ಅಂಕ ಪದ್ಧತಿ ತಂದ ಮೇಲೆ ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುವುದು ಇನ್ನೂ ಅಗ್ಗದ ದಾರಿ.

ಅಗ್ರ ಶೇ 2ರ ಸುದ್ದಿ ಕಂಡಾಗ ಕೇಳಬೇಕಾದ್ದು ಇಷ್ಟು: ಯಾವ ಉಪಶಾಖೆಯಲ್ಲಿ? ಇಡೀ ವೃತ್ತಿಜೀವನದ ಲೆಕ್ಕವೋ, ಒಂದೇ ವರ್ಷದ್ದೋ? ಸ್ವಂತ ಉಲ್ಲೇಖ ಕಳೆದ ಮೇಲೆ ಸ್ಥಾನವೆಷ್ಟು? ಉತ್ತರಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಪಟ್ಟಿ ಮಾಡಿದವರೇ ಮೂರನ್ನೂ ಕೊಟ್ಟಿದ್ದಾರೆ.