ಗುರುವೇ ಬಗ್ಗಿ ಕಾಲು ತೊಳೆದಾಗ



ಈಸ್ಟರ್ ಭಾನುವಾರಕ್ಕೆ ಮೂರು ದಿನ ಮುಂಚೆ, ಅಂದರೆ ಗುಡ್ ಫ್ರೈಡೆಯ ಹಿಂದಿನ ಸಂಜೆ, ನಿಮ್ಮ ಬಡಾವಣೆಯ ಕ್ಯಾಥೊಲಿಕ್ ಚರ್ಚಿಗೆ ಹೋದರೆ ಮುಂಭಾಗದಲ್ಲಿ ಒಂದು ಸಾಲು ಕುರ್ಚಿ, ಹೂಜಿಯಲ್ಲಿ ನೀರು, ಒಂದು ಬೋಗುಣಿ, ಟವೆಲ್ಲು ಕಾಣಬಹುದು. ಪ್ರವಚನ ಮುಗಿದ ಮೇಲೆ ಫಾದರ್ ತಮ್ಮ ಮೇಲುವಸ್ತ್ರ ತೆಗೆದಿಟ್ಟು, ಕುರ್ಚಿಯಲ್ಲಿ ಕೂತವರ ಮುಂದೆ ಒಬ್ಬೊಬ್ಬರಾಗಿ ಬಗ್ಗಿ, ಪಾದಕ್ಕೆ ನೀರು ಹಾಕಿ ಒರೆಸುತ್ತಾರೆ. ಕೆಲವರು ಪಾದಕ್ಕೆ ಮುತ್ತನ್ನೂ ಇಡುತ್ತಾರೆ. ಆ ದಿನಕ್ಕೆ ಪವಿತ್ರ ಗುರುವಾರ ಎಂದು ಹೆಸರು.

ಕಾಲು ತೊಳೆಯುವುದು ನಮಗೇನೂ ಹೊಸದಲ್ಲ ಬಿಡಿ. ಊರಮನೆಗೆ ನೆಂಟರು ಬಂದರೆ ಮೊದಲು ಚೊಂಬು ನೀರು. ಮದುವೆಯಲ್ಲಿ ಮಾವ ಅಳಿಯನ ಕಾಲು ತೊಳೆಯುತ್ತಾರೆ. ಮಠಗಳಲ್ಲಿ ಸ್ವಾಮಿಗಳಿಗೆ ಪಾದಪೂಜೆ. ಆದರೆ ಇಲ್ಲೆಲ್ಲ ತೊಳೆಸಿಕೊಳ್ಳುವವರಿಗೇ ದೊಡ್ಡ ಸ್ಥಾನ. ಚರ್ಚಿನಲ್ಲಿ ಈ ಲೆಕ್ಕ ತಲೆಕೆಳಗು.

ಮೂಲ ಪ್ರಸಂಗ ಬೈಬಲ್ಲಿನಲ್ಲಿ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಉಳಿದ ಮೂರು ಸುವಾರ್ತೆಗಳಲ್ಲಿ ಇದು ಇಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಊಟದ ನಡುವೆ ಯೇಸುಸ್ವಾಮಿ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯತೊಡಗಿದರು. ಧೂಳಿನ ದಾರಿ ನಡೆದು ಬಂದವರ ಕಾಲು ತೊಳೆಯುವುದು ಆಗ ಆಳುಗಳ ಕೆಲಸ. ಶಿಷ್ಯ ಪೇತ್ರ ಸುತರಾಂ ಒಪ್ಪಲಿಲ್ಲ. ಹಾಗಾದರೆ ನಿನಗೂ ನನಗೂ ಸಂಬಂಧವಿಲ್ಲ ಎಂಬರ್ಥದ ಮಾತು ಬಂದ ಮೇಲೆ, ಬರೀ ಕಾಲೇಕೆ, ಕೈ ತಲೆಗಳನ್ನೂ ತೊಳೆಯಿರಿ ಎಂದುಬಿಟ್ಟ! ಗುರುವನ್ನು ಹಿಡಿದುಕೊಡಲಿದ್ದ ಯೂದನೂ ಅಲ್ಲೇ ಕೂತಿದ್ದ. ಅವನ ಕಾಲನ್ನು ಬಿಟ್ಟು ಮುಂದೆ ಹೋದರೆಂದು ಎಲ್ಲೂ ಬರೆದಿಲ್ಲ.

ಈ ಪ್ರಸಂಗದಲ್ಲಿ ನನಗೆ ಹತ್ತಿರದವನು ಪೇತ್ರ. ಬಗ್ಗಿ ಸೇವೆ ಮಾಡುವುದು ಹೇಗೋ ಆದೀತು. ಕಾಲು ಚಾಚಿ ಸುಮ್ಮನೆ ಮಾಡಿಸಿಕೊಳ್ಳುವುದಿದೆಯಲ್ಲ, ಅದು ಕಷ್ಟ. ಹಾಸಿಗೆ ಹಿಡಿದ ಅಪ್ಪನನ್ನೋ ಅಜ್ಜಿಯನ್ನೋ ನೋಡಿಕೊಂಡವರಿಗೆ ಆ ಸಂಕೋಚದ ಮುಖ ಗೊತ್ತಿರುತ್ತದೆ.

ಯಾರ ಕಾಲು ತೊಳೆಯಬೇಕು ಎಂಬುದರ ಮೇಲೂ ಚರ್ಚೆ ನಡೆದಿದೆ. 1955ರಲ್ಲಿ ಪೋಪ್ 12ನೇ ಪಯಸ್ ಪವಿತ್ರ ವಾರದ ಆಚರಣೆಗಳನ್ನು ತಿದ್ದಿದಾಗ ಈ ವಿಧಿ ಸಂಜೆಯ ಪೂಜೆಯೊಳಗೆ ಬಂತು. ಆಗ ಗಂಡಸರಿಗೆ ಮಾತ್ರ ಅವಕಾಶ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಮಂದಿಯ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. 2016ರ ಜನವರಿಯಲ್ಲಿ ನಿಯಮವೇ ಬದಲಾಗಿ ಹೆಂಗಸರಿಗೂ ಕುರ್ಚಿ ಸಿಕ್ಕಿತು. 2024ರಲ್ಲಿ ಅವರು ಗಾಲಿಕುರ್ಚಿಯಲ್ಲೇ ಕೂತು ಮಹಿಳಾ ಜೈಲಿನ 12 ಕೈದಿಗಳ ಕಾಲು ತೊಳೆದರು. 2025ರ ಪವಿತ್ರ ಗುರುವಾರ ಕಾಯಿಲೆಯಿಂದಾಗಿ ತೊಳೆಯಲಾಗಲಿಲ್ಲ, ಆದರೂ ಜೈಲಿಗೆ ಹೋಗಿ ಕೈದಿಗಳ ಜೊತೆ ಕೂತುಬಂದರು. ನಾಲ್ಕೇ ದಿನಕ್ಕೆ ತೀರಿಕೊಂಡರು.

ಅಡ್ವೆಂಟಿಸ್ಟ್ ಚರ್ಚುಗಳ ಕ್ರಮ ಬೇರೆ. ಪ್ರಭುಭೋಜನಕ್ಕೆ ಮುಂಚೆ ಸಭಿಕರೇ ಜೋಡಿಯಾಗಿ ಒಬ್ಬರ ಕಾಲನ್ನೊಬ್ಬರು ತೊಳೆಯುತ್ತಾರೆ. ಅಲ್ಲಿ ಪೇತ್ರನ ಕಷ್ಟ ಎಲ್ಲರಿಗೂ ಒಂದೊಂದು ಸರದಿ!

ಪಕ್ಕದ ಮನೆಯವರು ಕರೆದರೆ ಬೇರೆ ಧರ್ಮದವರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಕ್ಯಾಥೊಲಿಕ್ ಪೂಜೆಯ ಕೊನೆಯಲ್ಲಿ ಕೊಡುವ ಪರಮಪ್ರಸಾದ ಮಾತ್ರ ಅವರ ಸಭೆಯವರಿಗೆ. ಆಗ ಸಾಲಿಗೆ ಹೋಗದೆ ಕೂತಲ್ಲೇ ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.