ತೊಳೆಯದೆ ಕೊಟ್ಟ ಪಾತ್ರೆ
ಕಂಪ್ಯೂಟರಿನ ತಿರುಳಿನಿಂದ ಗುಟ್ಟು ಸೋರುವ ಬಗೆ, ಅದನ್ನು ತಡೆಯುವ ಬಗೆ



ನಮ್ಮ ಸಂಘದ ಬಳಗದಲ್ಲಿ ಕಂಪ್ಯೂಟರಿನ ನಂಟಿಲ್ಲದ ಯುವಕ ಯುವತಿಯರು ಇಂದು ವಿರಳ. ನಿಮ್ಮಲ್ಲಿ ಹಲವರು ಇಂಜಿನಿಯರಿಂಗ್ ಓದುತ್ತಿದ್ದೀರಿ. ಕೆಲವರು ಈಗಾಗಲೇ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ್ದೀರಿ. ಉಳಿದವರ ಜೇಬಿನಲ್ಲೂ ಮೊಬೈಲ್ ಫೋನಂತೂ ಇದ್ದೇ ಇದೆ. ಆದ್ದರಿಂದ ಇಲ್ಲಿ ಹೇಳಹೊರಟಿರುವ ವಿಷಯ ನಿಮ್ಮೆಲ್ಲರಿಗೂ ಸಂಬಂಧಿಸಿದ್ದು.

ನಮ್ಮ ಮನೆಗಳಲ್ಲಿ ಒಂದು ಪದ್ಧತಿಯಿದೆ. ಪಕ್ಕದ ಮನೆಯವರು ಪಾಯಸವನ್ನೋ ಕೋಸಂಬರಿಯನ್ನೋ ಕಳಿಸಿದರೆ ಆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ನಿಮ್ಮ ತಾಯಿಯೋ ಅಜ್ಜಿಯೋ ಹೇಳಿರುತ್ತಾರೆ. ಸಕ್ಕರೆ ಹಾಕುವ ಮೊದಲು ಪಾತ್ರೆಯನ್ನು ತೊಳೆಯಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಅದು ಹೇಳದೆಯೇ ತಿಳಿಯುವ ಮಾತು. ಆದರೆ ಕಂಪ್ಯೂಟರಿಗೆ ಹೇಳದೆ ತಿಳಿಯುವ ಮಾತು ಒಂದೂ ಇಲ್ಲ. 'ತೊಳೆ' ಎಂದು ಬಾಯಿಬಿಟ್ಟು ಹೇಳದಿದ್ದರೆ ಅದು ನಿನ್ನೆಯ ಸಾರು ಮೆತ್ತಿರುವ ಪಾತ್ರೆಗೇ ಇಂದಿನ ಸಕ್ಕರೆ ಹಾಕಿ ಕೊಟ್ಟುಬಿಡುತ್ತದೆ. ಹೀಗೆ ತೊಳೆಯದೆ ಕೊಟ್ಟ ಪಾತ್ರೆಗಳಿಂದ ಜನರ ಗುಟ್ಟುಗಳು ಹೊರಬಿದ್ದ ಕಥೆಯೇ ಈ ಲೇಖನ.

ತಿರುಳು ಎಂದರೇನು?

ನೀವು ಬಳಸುವ ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಆಪರೇಟಿಂಗ್ ಸಿಸ್ಟಂ ಎಂಬ ಮೂಲ ವ್ಯವಸ್ಥೆ. ಅದರ ಒಳಗಿನ ಒಳಗನ್ನು ಇಂಗ್ಲಿಷಿನಲ್ಲಿ ಕರ್ನೆಲ್ ಎನ್ನುತ್ತಾರೆ. ಹಣ್ಣಿನ ಒಳಗಿರುವುದಕ್ಕೂ ಮಾತಿನ ಸಾರಕ್ಕೂ ನಾವು ಬಳಸುವ 'ತಿರುಳು' ಎಂಬ ಪದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಲಿನಕ್ಸ್‌ನ ತಿರುಳನ್ನು 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಬರೆಯಲಾರಂಭಿಸಿದರು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ ತಿರುಳು.

ಈ ತಿರುಳಿನ ಅಧಿಕಾರ ದೊಡ್ಡದು. ಸಾಮಾನ್ಯ ಪ್ರೋಗ್ರಾಂಗಳು ತಮಗೆ ಕೊಟ್ಟ ಜಾಗದಲ್ಲಿ ಮಾತ್ರ ಓಡಾಡಬಹುದು. ಕಡತ ಓದಬೇಕಾದರೆ, ಸಂದೇಶ ಕಳಿಸಬೇಕಾದರೆ ಅವು ತಿರುಳಿನ ಬಾಗಿಲು ತಟ್ಟಿ ಕೇಳಬೇಕು. ಅದು ಕೆಲಸ ಮುಗಿಸಿ ಉತ್ತರವನ್ನು ಹೊರಗೆ ಕೊಡುತ್ತದೆ. ನೀವು ಒತ್ತಿದ ಪ್ರತಿಯೊಂದು ಕೀಲಿ, ತೆರೆದ ಪ್ರತಿಯೊಂದು ಕಡತ ಇದರ ಕೈ ದಾಟಿಯೇ ಹೋಗಬೇಕು. ಎಲ್ಲರ ಗುಟ್ಟೂ ಗೊತ್ತಿರುವವನು ಬಾಯಿ ಬಿಗಿಹಿಡಿಯಬೇಕು ತಾನೆ? ತಿರುಳು ಬೇಕೆಂದು ಬಾಯಿಬಿಡುವುದಿಲ್ಲ. ಆದರೆ ಉತ್ತರ ಕೊಡುವಾಗ ಕೇಳದೆ ಇದ್ದದ್ದೂ ಅದರ ಜೊತೆ ಸೇರಿ ಹೊರಗೆ ಹೋಗಿಬಿಡುತ್ತದೆ.

ಒರೆಸದ ಸ್ಲೇಟು

ಕಂಪ್ಯೂಟರಿನ ಮೆಮೊರಿ ಎಂದರೆ ಮತ್ತೆ ಮತ್ತೆ ಬಳಸುವ ಸ್ಲೇಟು. ಒಂದು ಕೆಲಸ ಮುಗಿದ ಮೇಲೆ ಆ ಜಾಗವನ್ನು 'ಖಾಲಿ' ಎಂದು ಗುರುತು ಮಾಡುತ್ತಾರೆ. ಗುರುತು ಮಾಡುತ್ತಾರೆ ಅಷ್ಟೆ, ಬರೆದದ್ದನ್ನು ಒರೆಸುವುದಿಲ್ಲ. ಮುಂದಿನವರು ಅದರ ಮೇಲೆ ಬರೆಯುವವರೆಗೆ ಹಳೆಯ ಅಕ್ಷರಗಳು ಹಾಗೇ ಇರುತ್ತವೆ.

ಒಂದು ವಿಚಿತ್ರವನ್ನು ಗಮನಿಸಿ. ತಿರುಳು ಹೊಸ ಪ್ರೋಗ್ರಾಮಿಗೆ ಮೆಮೊರಿ ಹಂಚುವಾಗ ಅದನ್ನು ಸೊನ್ನೆಗಳಿಂದ ತುಂಬಿ ಸ್ವಚ್ಛ ಮಾಡಿಯೇ ಕೊಡುತ್ತದೆ. ಒಬ್ಬರ ಪಾಸ್‌ವರ್ಡ್ ಮತ್ತೊಬ್ಬರಿಗೆ ಸಿಗಬಾರದೆಂಬ ಎಚ್ಚರ ಅದಕ್ಕಿದೆ. ಆದರೆ ತನ್ನ ಸ್ವಂತ ಬಳಕೆಯ ಮೆಮೊರಿಯನ್ನು ಬಹುಕಾಲ ಹೀಗೆ ಒರೆಸುತ್ತಿರಲಿಲ್ಲ. ಪ್ರತಿ ಬಾರಿ ಒರೆಸಿದರೆ ವೇಗ ಕುಂದೀತೆಂಬ ಲೆಕ್ಕಾಚಾರ. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಇದಕ್ಕೇ.

ಈ ಕತ್ತಲಿನಿಂದ ಗುಟ್ಟು ಹೊರಬೀಳುವುದು ಮುಖ್ಯವಾಗಿ ಮೂರು ದಾರಿಗಳಲ್ಲಿ.

ಮೊದಲನೆಯದು, ಮರೆವು. ಉತ್ತರವನ್ನು ಒಂದು ಅರ್ಜಿ ನಮೂನೆ ಎಂದುಕೊಳ್ಳಿ. ಅದರಲ್ಲಿ ಹತ್ತು ಖಾನೆಗಳಿವೆ. ಪ್ರೋಗ್ರಾಂ ಬರೆದವನು ಒಂಬತ್ತನ್ನು ತುಂಬಿ, ಹತ್ತನೆಯದು ಈ ಸಂದರ್ಭಕ್ಕೆ ಬೇಡವೆಂದು ಬಿಟ್ಟ. ಕಾಗದ ಹೊಸದಾಗಿದ್ದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಆದರೆ ಇದು ಒರೆಸದ ಸ್ಲೇಟು, ಹತ್ತನೆಯ ಖಾನೆಯಲ್ಲಿ ಹಿಂದಿನವರ ಅಕ್ಷರಗಳಿವೆ. ಇಡೀ ನಮೂನೆ ಹೊರಗೆ ಹೋಗುವಾಗ ಅವೂ ಹೋಗುತ್ತವೆ.

ಎರಡನೆಯದು, ಅಳತೆಯ ತಪ್ಪು. ಹತ್ತು ಅಕ್ಷರ ಕೊಡಬೇಕಾದಲ್ಲಿ ನೂರು ಕೊಡುವುದು. 2014ರ ಏಪ್ರಿಲ್‌ನಲ್ಲಿ ಜಗತ್ತನ್ನೇ ಬೆಚ್ಚಿಬೀಳಿಸಿದ 'ಹಾರ್ಟ್‌ಬ್ಲೀಡ್' ಈ ಜಾತಿಯದು. ಅದು ತಿರುಳಿನ ದೋಷವಲ್ಲ, ಓಪನ್ ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದ್ದು. ಕೇಳಿದವನು ತಾನು ಕಳಿಸಿದ ಮಾತಿನ ಉದ್ದವನ್ನು ಸುಳ್ಳು ಹೇಳಿದರೂ ಪರೀಕ್ಷಿಸದೆ, ಒಂದೊಂದು ಬಾರಿಗೆ 64 ಕಿಲೋಬೈಟಿನವರೆಗೆ ಮೆಮೊರಿಯನ್ನು ಅದು ಕೊಟ್ಟುಬಿಡುತ್ತಿತ್ತು.

ಮೂರನೆಯದು ಎಲ್ಲಕ್ಕಿಂತ ನಯವಂಚಕ. ಸಿ ಭಾಷೆ ಕಲಿತವರು ಇದನ್ನು ಎಚ್ಚರಿಕೆಯಿಂದ ಓದಬೇಕು. 1 ಬೈಟಿನ ಒಂದು ಅಕ್ಷರ, ಅದರ ಮುಂದೆ 8 ಬೈಟಿನ ಒಂದು ಸಂಖ್ಯೆ ಇರುವ ಸ್ಟ್ರಕ್ಚರ್ ಬರೆದಿರೆನ್ನಿ. ಒಟ್ಟು ಎಷ್ಟು? 9 ಎಂದು ನೀವು ಹೇಳುತ್ತೀರಿ. 64 ಬಿಟ್ ಯಂತ್ರದಲ್ಲಿ ಅದು ಸಾಮಾನ್ಯವಾಗಿ 16 ಆಗಿರುತ್ತದೆ. 8 ಬೈಟಿನ ಸಂಖ್ಯೆ 8ರಿಂದ ಭಾಗವಾಗುವ ಜಾಗದಲ್ಲೇ ಕೂರಬೇಕೆಂದು ಕಂಪೈಲರ್ ನಡುವೆ 7 ಬೈಟಿನ ತೆರಪು ಬಿಡುತ್ತದೆ. ಈ ತೆರಪಿಗೆ ಹೆಸರಿಲ್ಲ, ನಿಮ್ಮ ಬರಹದಲ್ಲಿ ಅದು ಕಾಣುವುದೂ ಇಲ್ಲ. ಎಲ್ಲ ಖಾನೆಗಳನ್ನೂ ಒಂದೊಂದಾಗಿ ಶ್ರದ್ಧೆಯಿಂದ ತುಂಬಿದರೂ ಆ 7 ಬೈಟುಗಳಲ್ಲಿ ಹಳೆಯ ಕಸ ಉಳಿಯಬಹುದು. ಬರೆದವನ ಕಣ್ಣಿಗೂ ಪರಿಶೀಲಿಸಿದವನ ಕಣ್ಣಿಗೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

17 ಬೈಟುಗಳ ಕಥೆ

ಇದು ಪುಸ್ತಕದ ಭಯವಲ್ಲ ಎಂಬುದಕ್ಕೆ ಒಂದು ನಿಜ ಘಟನೆ ಕೇಳಿ. ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್ ಜಾಲದಲ್ಲಿ ಒಂದು ನಿಯಮವಿದೆ. ಒಂದೊಂದು ಕಂತಿನಲ್ಲಿ ಕನಿಷ್ಠ 46 ಬೈಟಿನಷ್ಟು ಸರಕು ಇರಲೇಬೇಕು. ಸರಕು ಕಡಿಮೆಯಿದ್ದರೆ ಉಳಿದ ಜಾಗವನ್ನು ಏನಾದರೂ ತುಂಬಿ ಕಳಿಸಬೇಕು. ಅದನ್ನು ಸೊನ್ನೆಗಳಿಂದ ತುಂಬಬೇಕೆಂದು 1984ರಲ್ಲೇ ಇಂಟರ್‌ನೆಟ್ಟಿನ ಪ್ರಮಾಣ ಪತ್ರವೊಂದು ಹೇಳಿತ್ತು.

2003ರ ಜನವರಿಯಲ್ಲಿ ಓಫಿರ್ ಆರ್ಕಿನ್ ಮತ್ತು ಜೋಶ್ ಆ್ಯಂಡರ್ಸನ್ ಎಂಬ ಇಬ್ಬರು ಸಂಶೋಧಕರು ಒಂದು ವರದಿ ಪ್ರಕಟಿಸಿದರು. ಹಲವು ಆಪರೇಟಿಂಗ್ ಸಿಸ್ಟಂಗಳ ನೆಟ್‌ವರ್ಕ್ ಡ್ರೈವರುಗಳು ಸೊನ್ನೆ ತುಂಬುತ್ತಲೇ ಇರಲಿಲ್ಲ! ಮೆಮೊರಿಯಲ್ಲಿ ಮುಂದೆ ಏನಿದೆಯೋ ಅದನ್ನೇ ಸೇರಿಸಿ ಕಳಿಸುತ್ತಿದ್ದವು. ನೀವೇ ಲೆಕ್ಕ ಹಾಕಿ. 'ಇದ್ದೀಯಾ?' ಎಂದು ಕೇಳುವ ಪಿಂಗ್ ಸಂದೇಶದಲ್ಲಿ 20 ಬೈಟಿನ ಒಂದು ತಲೆಬರಹ, 8 ಬೈಟಿನ ಇನ್ನೊಂದು ತಲೆಬರಹ, ಒಂದೇ ಒಂದು ಬೈಟಿನ ಮಾತು, ಒಟ್ಟು 29. ಉತ್ತರವೂ ಅಷ್ಟೇ. 46ಕ್ಕೆ ಇನ್ನು 17 ಬೇಕು. ಆ 17 ಬೈಟುಗಳಲ್ಲಿ ಹಿಂದೆ ಹಾದುಹೋದ ಬೇರೆ ಯಾರದೋ ಸಂದೇಶದ ತುಣುಕು ಇರಬಹುದು. ಅದೇ ಸ್ಥಳೀಯ ಜಾಲದಲ್ಲಿ ಕುಳಿತವನು ಯಾವ ಬೀಗವನ್ನೂ ಒಡೆಯದೆ, ಬರೀ 'ಇದ್ದೀಯಾ, ಇದ್ದೀಯಾ' ಎಂದು ಕೇಳುತ್ತಾ ಈ ತುಣುಕುಗಳನ್ನು ಆಯ್ದುಕೊಳ್ಳಬಹುದಿತ್ತು. ಈ ದೋಷಕ್ಕೆ 'ಈಥರ್‌ಲೀಕ್' ಎಂದು ಹೆಸರಾಯಿತು.

ಇಲ್ಲಿ ಯಾರೂ ದುರುದ್ದೇಶದಿಂದ ಏನನ್ನೂ ಮಾಡಿರಲಿಲ್ಲ. ನಿಯಮ ಇತ್ತು, ಬುದ್ಧಿವಂತರೂ ಇದ್ದರು. ಆದರೂ ನಿಯಮ ಬರೆದ 19 ವರ್ಷಗಳ ಮೇಲೆ, ಒಂದಲ್ಲ ಹಲವು ಡ್ರೈವರುಗಳಲ್ಲಿ ಒಂದೇ ತಪ್ಪು ಸಿಕ್ಕಿತು.

ಏಳು ಬೈಟಿನಿಂದ ಏನಾದೀತು?

ಇದೇನು ಮಹಾ ಎಂದು ನೀವು ಕೇಳಬಹುದು. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಕೇಳಿದ್ದೀರಷ್ಟೆ. ಸೋರುವ ಜಾಗ ಗೊತ್ತಾದವನು ಅದೇ ಪ್ರಶ್ನೆಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಕೇಳುತ್ತಾನೆ. ಇಂದಲ್ಲ ನಾಳೆ ಆ ಜಾಗದಲ್ಲಿ ಯಾರದೋ ಪಾಸ್‌ವರ್ಡಿನ ಚೂರು ಬಂದು ಕೂರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಕಳ್ಳನಿಗೆ ತಿಜೋರಿ ಒಡೆಯುವುದು ಬರುತ್ತದೆ, ಆದರೆ ಅದು ಯಾವ ಕೋಣೆಯಲ್ಲಿದೆ ಎಂದು ಗೊತ್ತಿಲ್ಲ. ತಿರುಳಿನ ಭಾಗಗಳು ಮೆಮೊರಿಯಲ್ಲಿ ಎಲ್ಲಿರುತ್ತವೆ ಎಂಬುದನ್ನು ಗುಟ್ಟಾಗಿಡಲು, ಪ್ರತಿ ಬಾರಿ ಯಂತ್ರ ಆರಂಭವಾದಾಗಲೂ ಜಾಗ ಬದಲಿಸುವ ಉಪಾಯವನ್ನು ಲಿನಕ್ಸ್ 2014ರಲ್ಲಿ ಅಳವಡಿಸಿಕೊಂಡಿತು. ಈಗ ನಮ್ಮ 7 ಬೈಟಿನ ತೆರಪನ್ನು ನೆನೆಯಿರಿ. ಆ ಜಾಗದಲ್ಲಿ ಹಿಂದೆ 8 ಬೈಟಿನ ವಿಳಾಸವೊಂದು ಕುಳಿತಿದ್ದರೆ ಮೊದಲ ಬೈಟು ಮಾತ್ರ ಹೊಸ ಅಕ್ಷರದಿಂದ ಅಳಿಯುತ್ತದೆ. ಉಳಿದ 7 ಹಾಗೇ ಹೊರಬರುತ್ತವೆ. ಕಳೆದುಹೋದ ಒಂದು ಬೈಟಿಗೆ ಇರುವುದು 256 ಸಾಧ್ಯತೆಗಳು ಮಾತ್ರ. ತಿಜೋರಿಯ ಕೋಣೆ ಗೊತ್ತಾಯಿತು! ಆದ್ದರಿಂದಲೇ ದೊಡ್ಡ ದಾಳಿಗಳಲ್ಲಿ ಇಂಥ ಚಿಕ್ಕ ಸೋರಿಕೆ ಎಷ್ಟೋ ಸಲ ಮೊದಲ ಮೆಟ್ಟಿಲು.

ತಡೆಯುವ ದಾರಿಗಳು

ಮೊದಲ ದಾರಿ ಬರೆಯುವವನ ಕೈಯಲ್ಲೇ ಇದೆ. ಖಾನೆಗಳನ್ನು ತುಂಬುವ ಮೊದಲು ಇಡೀ ಜಾಗವನ್ನು 'ಮೆಮ್‌ಸೆಟ್' ಎಂಬ ಆದೇಶದಿಂದ ಸೊನ್ನೆ ಮಾಡುವುದು. ಲಿನಕ್ಸ್‌ನಲ್ಲಿ ಮೆಮೊರಿ ಕೇಳಲು 'ಕೆ-ಮ್ಯಾಲಾಕ್' ಇದ್ದರೆ, ತೊಳೆದ ಮೆಮೊರಿ ಕೇಳಲು 'ಕೆ-ಝೆಡ್-ಅಲಾಕ್' ಇದೆ. ಒಂದೇ ಅಕ್ಷರದ ವ್ಯತ್ಯಾಸ! ಕೆಲಸ ಮುಗಿದ ಮೇಲೆ ಗುಟ್ಟನ್ನು ಒರೆಸುವಾಗ ಇನ್ನೊಂದು ಎಚ್ಚರ ಬೇಕು. 'ಇದನ್ನು ಮುಂದೆ ಯಾರೂ ಓದುವುದಿಲ್ಲವಲ್ಲ, ಒರೆಸುವುದೇಕೆ?' ಎಂದು ಜಾಣ ಕಂಪೈಲರ್ ನಿಮ್ಮ ಆದೇಶವನ್ನೇ ಕಿತ್ತುಹಾಕಬಹುದು. ಹಾಗೆ ಕಿತ್ತುಹಾಕಲಾಗದ ಬೇರೆ ಆದೇಶಗಳನ್ನು ಅದಕ್ಕೆಂದೇ ಮಾಡಿಟ್ಟಿದ್ದಾರೆ.

ಆದರೆ ಕೋಟಿಗಟ್ಟಲೆ ಸಾಲುಗಳ ತಿರುಳಿನಲ್ಲಿ ಪ್ರತಿಯೊಬ್ಬನೂ ಪ್ರತಿ ಸಲವೂ ನೆನಪಿಟ್ಟುಕೊಳ್ಳುತ್ತಾನೆಂದು ನಂಬಿ ಕೂರಲಾಗದು. ಆದ್ದರಿಂದ ಎರಡನೆಯ ದಾರಿ, ತೊಳೆಯುವುದನ್ನೇ ಯಂತ್ರದ ಕರ್ತವ್ಯವಾಗಿಸುವುದು. 2018ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 4.20ರಲ್ಲಿ, ತಿರುಳು ಒಂದು ಕೋರಿಕೆಯನ್ನು ಮುಗಿಸಿ ಹಿಂದಿರುಗುವಾಗ ತಾನು ಬಳಸಿದ ಸ್ಟ್ಯಾಕ್ ಜಾಗವನ್ನು ಒರೆಸುವ ಸೌಲಭ್ಯ ಸೇರಿತು. 2019ರ 5.3ನೆಯ ಆವೃತ್ತಿಯಲ್ಲಿ ಮೆಮೊರಿಯನ್ನು ಕೊಡುವಾಗಲೇ, ಬೇಕಿದ್ದರೆ ಹಿಂದೆ ಪಡೆಯುವಾಗಲೂ, ತಾನಾಗಿ ಸೊನ್ನೆ ಮಾಡುವ ಆಯ್ಕೆ ಬಂತು. ಮೈಕ್ರೊಸಾಫ್ಟ್ ಕೂಡ ವಿಂಡೋಸ್‌ನ ತಿರುಳಿಗೆ ಇಂಥದೇ ಏರ್ಪಾಡು ಮಾಡಿದುದನ್ನು 2020ರಲ್ಲಿ ವಿವರವಾಗಿ ಪ್ರಕಟಿಸಿತು. ವೇಗ ಸ್ವಲ್ಪ ಕುಂದುತ್ತದೆ, ನಿಜ. ಗುಟ್ಟಿನ ಮುಂದೆ ಆ ಬೆಲೆ ದೊಡ್ಡದಲ್ಲವೆಂದು ಎರಡೂ ಕಡೆಯವರು ತೀರ್ಮಾನಿಸಿದಂತಾಯಿತು.

ಮೂರನೆಯದು ಗಡಿಯ ತಪಾಸಣೆ. ತಿರುಳಿನಿಂದ ಹೊರಗೆ ನಕಲಾಗುವ ಸರಕಿನ ಅಳತೆ ಅದು ಹೊರಟ ಪೆಟ್ಟಿಗೆಗಿಂತ ದೊಡ್ಡದಿದ್ದರೆ ಅಲ್ಲೇ ತಡೆಯುವ ವ್ಯವಸ್ಥೆ 2016ರಲ್ಲಿ ಲಿನಕ್ಸ್‌ಗೆ ಬಂತು. ತಿರುಳಿನ ದಿನಚರಿಯಲ್ಲಿ ವಿಳಾಸಗಳನ್ನು ಇದ್ದಂತೆಯೇ ಮುದ್ರಿಸುವ ಅಭ್ಯಾಸವನ್ನೂ 2018ರ ಜನವರಿಯ 4.15ನೆಯ ಆವೃತ್ತಿ ಬದಲಿಸಿ, ಅವುಗಳ ಜಾಗದಲ್ಲಿ ಗುರುತು ಸಿಗದ ಸಂಖ್ಯೆ ಮುದ್ರಿಸತೊಡಗಿತು.

ನಾಲ್ಕನೆಯದು ಪತ್ತೇದಾರಿ. ಮಾತೆಯುಶ್ ಯುರ್ಚಿಕ್ ಎಂಬ ಗೂಗಲ್ ಸಂಶೋಧಕರು ಇಡೀ ವಿಂಡೋಸನ್ನು ಒಂದು ಕೃತಕ ಯಂತ್ರದೊಳಗೆ ಓಡಿಸಿದರು. ಬರೆಯದೆ ಉಳಿದ ಪ್ರತಿಯೊಂದು ಬೈಟಿಗೂ ಬಣ್ಣ ಹಚ್ಚಿದಂತೆ ಗುರುತು ಹಾಕಿ, ಬಣ್ಣ ಮೆತ್ತಿದ ಬೈಟು ಗಡಿ ದಾಟಿದೊಡನೆ ಹಿಡಿದರು. 2017 ಮತ್ತು 2018ರ ಆರಂಭದ ನಡುವೆ ವಿಂಡೋಸ್ ತಿರುಳಿನಲ್ಲಿ ಇಂಥ 70ಕ್ಕೂ ಹೆಚ್ಚು ಸೋರಿಕೆಗಳು ಸಿಕ್ಕವು. ಇದೇ ತತ್ತ್ವದ 'ಕೆಎಂಸ್ಯಾನ್' ಎಂಬ ಸಾಧನ 2022ರ ಡಿಸೆಂಬರಿನಲ್ಲಿ ಬಂದ 6.1ನೆಯ ಆವೃತ್ತಿಯಿಂದ ಲಿನಕ್ಸ್‌ನ ಅಂಗವೇ ಆಗಿದೆ.

ನಿಮಗೆ ನಾಲ್ಕು ಮಾತು

ಇಷ್ಟೆಲ್ಲ ಏರ್ಪಾಡು ಆದ ಮೇಲೆ ನಮಗೇನು ಕೆಲಸ ಎಂದು ಸುಮ್ಮನಿರಬೇಡಿ. ಈ ಆಯ್ಕೆಗಳಲ್ಲಿ ಕೆಲವನ್ನು ಯಂತ್ರ ಕಟ್ಟುವವನು ತಾನಾಗಿ ಆರಿಸಿದರೆ ಮಾತ್ರ ಅವು ಜಾರಿಗೆ ಬರುತ್ತವೆ. ಹಳೆಯ ತಿರುಳಿನ ಮೇಲೆ ಓಡುವ ಯಂತ್ರಗಳಿಗೆ ಇವುಗಳ ರಕ್ಷಣೆ ಇಲ್ಲ. ಆದ್ದರಿಂದ ಫೋನು 'ಹೊಸ ಆವೃತ್ತಿ ಬಂದಿದೆ' ಎಂದಾಗ ಮುಂದೂಡಬೇಡಿ. ಮನೆಯ ಹಿರಿಯರ ಫೋನಿನಲ್ಲೂ ನೀವೇ ಕುಳಿತು ಹಾಕಿಕೊಡಿ. ಅವರ ಪಿಂಚಣಿ, ಬ್ಯಾಂಕು ಎಲ್ಲವೂ ಈಗ ಅದರೊಳಗೇ ಇವೆ.

ಪ್ರೋಗ್ರಾಂ ಬರೆಯುವವರಿಗೆ ಮೂರು ಪ್ರಶ್ನೆಗಳು. ಹೊರಗೆ ಹೋಗುವ ಪ್ರತಿಯೊಂದು ಬೈಟನ್ನೂ ನೀವೇ ಬರೆದಿದ್ದೀರಾ? ಖಾನೆಗಳ ನಡುವೆ ತೆರಪು ಉಳಿದಿದೆಯೇ? ಉದ್ದವನ್ನು ಕೇಳಿದವನ ಮಾತಿನ ಮೇಲೆ ನಂಬಿದ್ದೀರಾ, ಅಳೆದು ನೋಡಿದ್ದೀರಾ? ತಿರುಳಿನ ಕೋಡಿಗೆ ಮಾತ್ರವಲ್ಲ, ಕಾಲೇಜಿನ ಪ್ರಾಜೆಕ್ಟಿಗೂ ಇವು ಸಲ್ಲುತ್ತವೆ. ಲಿನಕ್ಸ್‌ನ ತಿರುಳು ಯಾರು ಬೇಕಾದರೂ ತೆರೆದು ಓದಬಹುದಾದ ಪುಸ್ತಕ. ತಪ್ಪು ಕಂಡರೆ ತಿದ್ದಿ ಕಳಿಸಲು ಅಲ್ಲಿ ಯಾರ ಶಿಫಾರಸೂ ಬೇಕಿಲ್ಲ. ತೊಳೆಯದೆ ಉಳಿದ ಒಂದು ಪಾತ್ರೆಯನ್ನಾದರೂ ನಿಮ್ಮಲ್ಲೊಬ್ಬರು ಹುಡುಕಿ ತೊಳೆದರೆ, ನೀವೆಂದೂ ನೋಡದ ಲಕ್ಷಾಂತರ ಜನರ ಗುಟ್ಟು ಉಳಿದೀತು. ಹಾಗೆ ತಿದ್ದಿದವರು ದಯವಿಟ್ಟು ಈ ಪತ್ರಿಕೆಗೂ ನಾಲ್ಕು ಸಾಲು ಬರೆದು ತಿಳಿಸಿ, ಅದೂ ಕನ್ನಡದಲ್ಲಿ.